ಮಗಳ ಮನೆಗೆ ಹೋದಾಗ ಏಡಿ ಹಿಡಿಯುವ ಆಸೆಯೇ? ಹೊರಡುವ ಮೊದಲು ಇದನ್ನು ಓದಿ

ಬಸವೇಶ್ವರನಗರದ ನಮ್ಮ ಅಡ್ಡರಸ್ತೆಯಲ್ಲಿ ಅರ್ಧಕ್ಕರ್ಧ ಮನೆಗಳ ಮಕ್ಕಳು ಹೊರದೇಶದಲ್ಲಿದ್ದಾರೆ. ಏಪ್ರಿಲ್ ಬಂತೆಂದರೆ ಅಟ್ಟದ ಮೇಲಿನ ಸೂಟ್‌ಕೇಸುಗಳು ಕೆಳಗಿಳಿಯುತ್ತವೆ. ಹುರಿಗಾಳು, ಚಟ್ನಿಪುಡಿ, ಮೊಮ್ಮಗುವಿನ ಕುಲಾವಿ ಎಲ್ಲ ತೂಗಿ ತುಂಬಿದ ಮೇಲೆ ಒಬ್ಬಿಬ್ಬರು ನನ್ನ ಹತ್ತಿರ ಬರುತ್ತಾರೆ. "ನಾಯ್ಕರೇ, ಅಲ್ಲಿ ನಾವೇ ಏಡಿ ಹಿಡಿಯಬಹುದಂತೆ. ಲೈಸೆನ್ಸ್ ಬೇಕಾ?" ನಾನು ಕುಮಟಾ ಕಡೆಯವನು. ಮೇಲಾಗಿ ಸಿಯಾಟಲ್‌ನಲ್ಲಿ ಏಡಿ ಹಿಡಿದು ನಿಂತ ನನ್ನ ಫೋಟೋವನ್ನು ಇಡೀ ಬೀದಿಗೆ ತೋರಿಸಿದ್ದೇನೆ. ಹಾಗಾಗಿ ಈ ಪ್ರಶ್ನೆ ನನಗೇ ಬರುವುದು ನ್ಯಾಯ.

ಆದರೆ ಒಂದೇ ಮಾತಿನ ಉತ್ತರ ಇಲ್ಲ. ಸಿಯಾಟಲ್‌ಗೆ ಹೋದರೆ ಬೇಕು, ಅದೂ ಒಂದೇ ಕಾಗದ ಸಾಲದು. ಕ್ಯಾಲಿಫೋರ್ನಿಯಾದ ಸನಿವೇಲ್‌ಗೆ ಹೋದರೆ, ನೀರಿನೊಳಕ್ಕೆ ಚಾಚಿದ ಕಟ್ಟೆಗಳಲ್ಲಿ (ಪಿಯರ್) ಸರಿಯಾದದ್ದನ್ನು ಆರಿಸಿಕೊಂಡರೆ, ಬೇಡ. ನ್ಯೂಜೆರ್ಸಿಯಲ್ಲಿ ದಾರಕ್ಕೆ ಕೋಳಿ ಕತ್ತು ಕಟ್ಟಿ ಇಳಿಬಿಟ್ಟರೆ ಬೇಡ, ದೊಡ್ಡ ಬೋನು ಇಟ್ಟರೆ ಬೇಕು. ಬ್ರಿಸ್ಬೇನ್‌ನಲ್ಲಿ ಬೇಡ, ಸಿಡ್ನಿಯಲ್ಲಿ ಬೇಕು.

ನನ್ನ ಮಗಳು ಸಿಯಾಟಲ್ ಪಕ್ಕದ ಬಾಥೆಲ್‌ನಲ್ಲಿದ್ದಾಳೆ. ತಂಗಿಯ ಮಗ ಸನಿವೇಲ್‌ನಲ್ಲಿ. ಬ್ಯಾಂಕಿನ ಹಳೆಯ ಗೆಳೆಯರೊಬ್ಬರು ಮಗನ ಜೊತೆ ಬ್ರಿಸ್ಬೇನ್ ಸೇರಿದ್ದಾರೆ. ಇವರೆಲ್ಲರ ಪುಣ್ಯದಿಂದ ನನಗೆ ಒಂದು ಬುದ್ಧಿ ಬಂದಿದೆ. ಜಾಸ್ತಿ ಏಡಿ ಸಿಗುವ ಜಾಗ ಯಾವುದು ಅಂತ ಹುಡುಕಬೇಡಿ. ನೀವು ಹೋಗುವ ತಿಂಗಳು ಯಾವುದು, ಕೈಯಲ್ಲಿ ಎಷ್ಟು ದಿನ ಇದೆ, ಎಷ್ಟು ನಿಯಮ ನೆನಪಿಟ್ಟುಕೊಳ್ಳಬಲ್ಲಿರಿ ಅಂತ ನೋಡಿ ಆರಿಸಿ.

ಮೊದಲು ಹೊಟ್ಟೆ ನೋಡಿ, ಆಮೇಲೆ ಅಳೆಯಿರಿ

ಲೈಸೆನ್ಸ್ ಪಡೆಯುವುದು ದೊಡ್ಡ ವಿಷಯವೇ ಅಲ್ಲ. ದುಡ್ಡು ಕಟ್ಟಿದರೆ ಆಯ್ತು. ಜನ ಸಿಕ್ಕಿಬೀಳುವುದು ಅಧಿಕಾರಿ ಬಂದು "ಬಕೆಟ್ ತೋರಿಸಿ" ಅಂದಾಗ. ಅಲ್ಲಿ ಗಂಡು ಹೆಣ್ಣು ಎರಡೂ ಇರುತ್ತವೆ, ಸಣ್ಣದೂ ಇರುತ್ತದೆ, ಲೆಕ್ಕವೂ ಒಂದು ಜಾಸ್ತಿ ಇರುತ್ತದೆ.

ಏಡಿಯನ್ನು ಮಗುಚಿದರೆ ಹೊಟ್ಟೆಯ ಮೇಲೆ ಒಂದು ಮಡಿಕೆ ಕಾಣುತ್ತದೆ. ಗಂಡಿನದು ಕಿರಿದು, ಗೋಪುರದ ಹಾಗೆ ತುದಿಗೆ ಚೂಪಾಗುತ್ತದೆ. ಹೆಣ್ಣಿನದು ಅಗಲ, ಮೊರದ ಹಾಗೆ. ನಮ್ಮ ಅಜ್ಜಿ ಮೀನು ಪೇಟೆಯಲ್ಲಿ ಬೇಕಂತಲೇ ಹೆಣ್ಣೇಡಿ ಆರಿಸುತ್ತಿದ್ದರು, ಒಳಗಿನ ಕೆಂಪು ಮೊಟ್ಟೆಗಾಗಿ. ಅಲ್ಲಿ ಲೆಕ್ಕ ಉಲ್ಟಾ. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯ, ಅದರ ಪಕ್ಕದ ಒರೆಗಾನ್‌ಗಳಲ್ಲಿ ಡಂಜಿನೆಸ್ ಅನ್ನುವ ಪಶ್ಚಿಮ ಕರಾವಳಿಯ ದೊಡ್ಡ ಏಡಿಯ ಗಂಡನ್ನು ಮಾತ್ರ ಇಟ್ಟುಕೊಳ್ಳಬಹುದು. ಮೇರಿಲ್ಯಾಂಡ್‌ನ ನೀಲಿ ಏಡಿಗೂ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಕೆಸರೇಡಿಗೂ ಹವ್ಯಾಸಿಗಳಿಗೆ ಅದೇ ನಿಯಮ. ಹೆಣ್ಣು ಸಿಕ್ಕರೆ ಮೆಲ್ಲಗೆ ನೀರಿಗೆ ಬಿಡಬೇಕು. ಒಂದು ಗಂಡು ಹಲವು ಹೆಣ್ಣುಗಳ ಜೊತೆ ಕೂಡುತ್ತದೆ. ಹೆಣ್ಣು ಉಳಿದರೆ ಸಂತಾನ ಉಳಿಯುತ್ತದೆ ಅನ್ನುವುದು ಇದರ ಹಿಂದಿನ ಲೆಕ್ಕ.

ಡಂಜಿನೆಸ್ ಅಂದಾಗ ನೆನಪಾಯ್ತು. ವಾಷಿಂಗ್ಟನ್ ರಾಜ್ಯದ ಒಂದು ಊರಿನ ಹೆಸರು ಅದು. ತುಳುವಿನಲ್ಲಿ ಏಡಿಗೆ ದೆಂಜಿ ಅನ್ನುತ್ತಾರೆ. ಮಂಗಳೂರಿನ ನನ್ನ ಪಕ್ಕದ ಮನೆಯವರು ಹೆಸರು ಕೇಳಿ, "ನಮ್ಮ ದೆಂಜಿ ಅಮೆರಿಕಕ್ಕೆ ಹೋಗಿ ಇಂಗ್ಲಿಷ್ ಕಲಿತಿದೆ" ಅಂದರು.

ಇನ್ನು ಅಳತೆ. ಮೊದಲ ಸಲ ನಾನು ಹೆಂಡತಿಯ ಹೊಲಿಗೆ ಟೇಪ್ ತೆಗೆದುಕೊಂಡು ಹೋಗಿದ್ದೆ. ಏಡಿಯ ಬೆನ್ನು ಉಬ್ಬಿರುತ್ತದೆ. ಟೇಪು ಆ ಉಬ್ಬಿನ ಮೇಲೆ ಬಾಗಿ ಕಾಲು ಇಂಚು ಜಾಸ್ತಿ ತೋರಿಸಿತು. ಅಳತೆ ಯಾವಾಗಲೂ ನೇರ ಗೆರೆಯಲ್ಲಿ. ಅದಕ್ಕೆಂದೇ ಪ್ಲಾಸ್ಟಿಕ್ಕಿನ ಗೇಜು ಬರುತ್ತದೆ, ಎರೆ ಮಾರುವ ಅಂಗಡಿಗಳಲ್ಲಿ ಸಿಗುತ್ತದೆ, ಅದನ್ನೇ ಕೊಳ್ಳಿ. ಇನ್ನೊಂದು ತೊಡಕೂ ಇದೆ. ಡಂಜಿನೆಸ್ ಏಡಿಯನ್ನು ಅಳೆಯುವಾಗ ಚಿಪ್ಪಿನ ಎರಡು ಬದಿಯ ಮುಳ್ಳುಗಳನ್ನು ಬಿಡಬೇಕು, ಅವುಗಳ ಮುಂದೆ ಚಿಪ್ಪಿನ ಅಂಚಿನಿಂದ ಅಂಚಿಗೆ ಅಳೆಯಬೇಕು. ಪೂರ್ವ ಕರಾವಳಿಯ ನೀಲಿ ಏಡಿಗೆ ಮುಳ್ಳಿನ ತುದಿಯಿಂದ ತುದಿಗೆ. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್‌ನಲ್ಲಿ ಅಗಲವೇ ಲೆಕ್ಕಕ್ಕಿಲ್ಲ, ಚಿಪ್ಪಿನ ಉದ್ದ ನೋಡುತ್ತಾರೆ. ಒಂದು ರಾಜ್ಯದ ಅಭ್ಯಾಸ ಇನ್ನೊಂದರಲ್ಲಿ ಕೈಕೊಡುತ್ತದೆ.

ಎಲ್ಲ ಕಡೆಗೂ ಸಲ್ಲುವ ಮಾತು ಇನ್ನೊಂದಿದೆ. ಹವ್ಯಾಸಕ್ಕೆ ಹಿಡಿದ ಏಡಿಯನ್ನು ಮಾರುವಂತಿಲ್ಲ. ಹಿರಿಯ ನಾಗರಿಕರ ರಿಯಾಯಿತಿ ಕೇಳಲು ಹೋಗಬೇಡಿ, ಅದು ಅಲ್ಲಿಯ ನಿವಾಸಿಗಳಿಗೆ. ನಾವು ಪೂರ್ತಿ ದರವನ್ನೇ ಕೊಡಬೇಕು.

ಸಿಯಾಟಲ್: ನಿಯಮ ಹೆಚ್ಚು, ಖುಷಿಯೂ ಹೆಚ್ಚು

ವಾಷಿಂಗ್ಟನ್ ರಾಜ್ಯದ ಪ್ಯೂಜೆಟ್ ಸೌಂಡ್ ಅನ್ನುವ ಕೊಲ್ಲಿಯಲ್ಲಿ ಏಡಿ ಹಿಡಿಯಲು 15 ವರ್ಷ ತುಂಬಿದ ಎಲ್ಲರಿಗೂ ಚಿಪ್ಪುಜೀವಿಗಳ ಲೈಸೆನ್ಸ್ ಬೇಕು. ಅದರ ಮೇಲೆ ಪ್ಯೂಜೆಟ್ ಸೌಂಡ್ ಏಡಿಗೆಂದೇ ಒಂದು ಅನುಮತಿ. ಅದರ ಜೊತೆ ಹಿಡಿದದ್ದನ್ನು ಬರೆಯುವ ಕಾರ್ಡು. 15ರೊಳಗಿನ ಮೊಮ್ಮಕ್ಕಳಿಗೆ ಲೈಸೆನ್ಸ್ ಬೇಡ, ಕಾರ್ಡು ಮಾತ್ರ ಬೇಕು. ನಮ್ಮಂತಹವರಿಗೆ ಒಂದು, ಎರಡು, ಮೂರು ದಿನಗಳ ಲೈಸೆನ್ಸ್ ಇದೆ, ವರ್ಷದ್ದು ಕೊಳ್ಳಬೇಕಿಲ್ಲ.

ಆ ಕಾರ್ಡೇ ನನಗೆ ಪಾಠ ಕಲಿಸಿದ್ದು. ಏಡಿಯನ್ನು ಬಕೆಟ್ಟಿಗೆ ಹಾಕಿದ ತಕ್ಷಣ ಬರೆಯಬೇಕು. ಅಳಿಯ "ಮನೆಗೆ ಹೋಗಿ ಬರೆದರಾಯ್ತು ಮಾವ" ಅಂದ. ಪಕ್ಕದಲ್ಲಿ ನಿಂತಿದ್ದ ಒಬ್ಬ ಅಜ್ಜ ಕೇಳಿಸಿಕೊಂಡು ಪೆನ್ನು ಕೊಟ್ಟರು. ಅರ್ಧ ಗಂಟೆಯಲ್ಲಿ ಅಧಿಕಾರಿ ಬಂದರು, ಕಾರ್ಡು ನೋಡಿದರು, ನಕ್ಕು ಹೋದರು. ಆ ಅಜ್ಜನಿಗೆ ಮನೆಯಿಂದ ತಂದಿದ್ದ ಚಕ್ಕುಲಿ ಕೊಟ್ಟೆ.

ಕಾರ್ಡಿನ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಬೇಸಿಗೆಯ ಲೆಕ್ಕವನ್ನು ಅಕ್ಟೋಬರ್ 1ರೊಳಗೆ, ಚಳಿಗಾಲದ್ದನ್ನು ಫೆಬ್ರವರಿ 1ರೊಳಗೆ ಒಪ್ಪಿಸಬೇಕು. ಒಂದೂ ಏಡಿ ಸಿಗದಿದ್ದರೂ ಒಪ್ಪಿಸಬೇಕು. ಇಲ್ಲದಿದ್ದರೆ ಮುಂದಿನ ವರ್ಷ ಲೈಸೆನ್ಸ್ ಕೊಳ್ಳುವಾಗ 10 ಡಾಲರ್ ದಂಡ. ನೀವು ಬೆಂಗಳೂರಿಗೆ ವಾಪಸ್ ಬಂದ ಮೇಲೆ ಇದು ಖಂಡಿತ ಮರೆಯುತ್ತದೆ. ಆನ್‌ಲೈನ್‌ನಲ್ಲಿ ಆಗುವ ಕೆಲಸ, ವಿಮಾನ ಹತ್ತುವ ಮೊದಲೇ ಮಾಡಿಬಿಡಿ.

ದಿನಕ್ಕೆ ಒಬ್ಬರಿಗೆ 5 ಗಂಡು ಡಂಜಿನೆಸ್, ಅಗಲ 6¼ ಇಂಚಿಗೆ ಕಡಿಮೆ ಇರಬಾರದು, ಚಿಪ್ಪು ಗಟ್ಟಿಯಾಗಿರಬೇಕು. ಪೊರೆ ಕಳಚಿದ ಹೊಸತರಲ್ಲಿ ಚಿಪ್ಪು ಮೆತ್ತಗಿರುತ್ತದೆ, ಒಳಗೆ ಮಾಂಸವೂ ಇರುವುದಿಲ್ಲ, ನೀರು ಮಾತ್ರ. ಇದಲ್ಲದೆ ಕೆಂಪು ಕಲ್ಲೇಡಿ 6, ಅದು 5 ಇಂಚು, ಗಂಡಾದರೂ ಸರಿ ಹೆಣ್ಣಾದರೂ ಸರಿ. ನಮ್ಮ ಸಾರಿಗೆ ಈ ಕೆಂಪು ಏಡಿಯೇ ರುಚಿ ಅನ್ನುವುದು ನನ್ನ ಹೆಂಡತಿಯ ತೀರ್ಪು. ಒಡೆಯಲು ಮಾತ್ರ ಕುಟ್ಟಾಣಿ ಬೇಕು.

ಬೇಸಿಗೆಯ ಹಂಗಾಮು ಸಾಮಾನ್ಯವಾಗಿ ಜುಲೈ ಮೊದಲ ವಾರದ ಸುಮಾರಿಗೆ ಶುರು. ಬಹುತೇಕ ಕಡೆ ಗುರುವಾರದಿಂದ ಸೋಮವಾರದವರೆಗೆ ಮಾತ್ರ. ಮಂಗಳವಾರ, ಬುಧವಾರ ಬೋನು ನೀರಿನಲ್ಲಿ ಇರುವಂತೆಯೇ ಇಲ್ಲ. ಜೊತೆಗೆ ಇಡೀ ಕೊಲ್ಲಿಯನ್ನು ನಂಬರ್ ಹಾಕಿ ಹಂಚಿದ್ದಾರೆ. ಒಂದು ನಂಬರಿನಲ್ಲಿ ತೆರೆದಿದ್ದರೆ ಪಕ್ಕದ್ದರಲ್ಲಿ ಬಂದ್ ಇರಬಹುದು, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಹಿಂದಿನ ರಾತ್ರಿ ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಯ ಪುಟ ನೋಡದೆ ಕಾರು ಹತ್ತಬೇಡಿ.

ಬೋನಿಗೂ ನಿಯಮವಿದೆ, ಮತ್ತು ನನಗೆ ತುಂಬಾ ಹಿಡಿಸಿದ್ದು ಇದೇ. ಒಬ್ಬರಿಗೆ ಎರಡೇ ಬೋನು. ಮೇಲೆ ತೇಲುವ ಬುರುಡೆ ಅರ್ಧ ಕೆಂಪು, ಅರ್ಧ ಬಿಳಿ, ಅದರ ಮೇಲೆ ನಿಮ್ಮ ಹೆಸರು, ವಿಳಾಸ. ಬೋನಿನಲ್ಲಿ 4¼ ಇಂಚಿನ ಎರಡು ಬಳೆಗಳು, ಸಣ್ಣ ಏಡಿಗಳು ತೂರಿ ಹೊರಹೋಗಲು. ಬಾಗಿಲನ್ನು ಕಟ್ಟಲು ಹತ್ತಿಯ ದಾರ, ನೈಲಾನ್ ನಡೆಯುವುದಿಲ್ಲ. ಯಾಕೆ ಗೊತ್ತಾ? ಹಗ್ಗ ತುಂಡಾಗಿ ಬೋನು ತಳದಲ್ಲೇ ಉಳಿದರೆ ಒಳಗೆ ಬಿದ್ದ ಏಡಿ ಸಾಯುತ್ತದೆ. ಅದನ್ನು ತಿನ್ನಲು ಇನ್ನೊಂದು ಬರುತ್ತದೆ, ಅದೂ ಸಾಯುತ್ತದೆ. ಹತ್ತಿಯ ದಾರವಾದರೆ ಕೊಳೆತು ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ಆ ಕೊಲ್ಲಿಯಲ್ಲಿ ವರ್ಷಕ್ಕೆ ಸುಮಾರು 12,000 ಬೋನುಗಳು ಹೀಗೆ ಕಳೆದುಹೋಗುತ್ತವೆ ಅನ್ನುವ ಅಂದಾಜಿದೆ. ಆರಾಣೆಯ ದಾರ ಎಷ್ಟು ಜೀವ ಉಳಿಸುತ್ತದೆ ನೋಡಿ.

ಕಟ್ಟೆಯ ಮೇಲೆ ಏಡಿ ಒಡೆದು ಸ್ವಚ್ಛ ಮಾಡಬೇಡಿ. ಗಂಡೋ ಹೆಣ್ಣೋ, ಅಳತೆ ಎಷ್ಟು ಅಂತ ಅಧಿಕಾರಿಗೆ ಕಾಣುವಂತೆ ಇಡಿಯಾಗಿರಬೇಕು. ಮಗಳ ಕಾರ್ಡಿನ ಮೇಲೆ ನೀವು ಹಿಡಿಯುವಂತೆಯೂ ಇಲ್ಲ. ಸುಮ್ನೆ ನಿಂತು ನೋಡಲು ಲೈಸೆನ್ಸ್ ಬೇಡ, ಹಗ್ಗ ಎಳೆಯಲು ಬೇಕು.

ಜುಲೈ, ಆಗಸ್ಟ್‌ನಲ್ಲಿ ಅಲ್ಲಿದ್ದು, ಮನೆಯಲ್ಲಿ ಒಬ್ಬರಾದರೂ ನಿಯಮ ಓದುವ ತಾಳ್ಮೆಯವರಿದ್ದರೆ ಸಿಯಾಟಲ್ ಆರಿಸಿ.

ಒರೆಗಾನ್: ನನ್ನ ಮೊದಲ ಆಯ್ಕೆ

ಪೋರ್ಟ್‌ಲ್ಯಾಂಡ್ ಸುತ್ತಮುತ್ತ ಚಿಪ್ ಕಂಪನಿಗಳಲ್ಲಿ ನಮ್ಮವರು ಬೇಕಾದಷ್ಟಿದ್ದಾರೆ. ಅಲ್ಲಿಂದ ನ್ಯೂಪೋರ್ಟ್ ಎರಡೂವರೆ ಗಂಟೆಯ ದಾರಿ. ಇಲ್ಲಿ 12 ವರ್ಷ ತುಂಬಿದರೆ ಲೈಸೆನ್ಸ್ ಬೇಕು. ಅಂದರೆ 13ರ ಮೊಮ್ಮಗ ಸಿಯಾಟಲ್‌ನಲ್ಲಿ ಲೈಸೆನ್ಸ್ ಇಲ್ಲದೆ ಹಿಡಿಯಬಹುದು, ಇಲ್ಲಿ ಆಗದು. ಹೊರಗಿನವರಿಗೆ ಮೂರು ದಿನದ ಲೈಸೆನ್ಸ್ ಸಿಗುತ್ತದೆ. ಪ್ಯೂಜೆಟ್ ಸೌಂಡ್‌ನಂತೆ ಏಡಿ ಬರೆಯುವ ಕಾರ್ಡಿನ ಗೋಜಿಲ್ಲ.

ದಿನಕ್ಕೆ 12 ಗಂಡು ಡಂಜಿನೆಸ್, ಅಗಲ 5¾ ಇಂಚು. ಸಿಯಾಟಲ್‌ನ 5ರ ಎದುರು 12. ಅದೂ ಅರ್ಧ ಇಂಚು ಸಣ್ಣದಿದ್ದರೂ ಸಾಕು. ಕೆಂಪು ಕಲ್ಲೇಡಿಯಂತೂ 24, ಗಂಡು ಹೆಣ್ಣು ಅಳತೆ ಏನೂ ಕೇಳುವುದಿಲ್ಲ. ಒಬ್ಬರಿಗೆ ಮೂರು ಬೋನು ಅಥವಾ ಬಳೆಬಲೆ, ಅಂದರೆ ಬಳೆಯಂತಹ ಚೌಕಟ್ಟಿಗೆ ಕಟ್ಟಿದ ಬಲೆ. 2024ರಿಂದ ತೇಲುಬುರುಡೆಯ ಮೇಲೆ ಹೆಸರು, ಸಂಪರ್ಕ ಬರೆಯುವುದು ಕಡ್ಡಾಯ.

ಎಲ್ಲಕ್ಕಿಂತ ಮುಖ್ಯವಾದದ್ದು, ಅಳಿವೆ ಮತ್ತು ಕೊಲ್ಲಿಗಳಲ್ಲಿ ವರ್ಷವಿಡೀ ಹಿಡಿಯಬಹುದು. ತೆರೆದ ಸಮುದ್ರದಲ್ಲಿ ಮಾತ್ರ ಅಕ್ಟೋಬರ್ 16ರಿಂದ ನವೆಂಬರ್ 30ರವರೆಗೆ ಬಂದ್. ನಾವು ಸಮುದ್ರಕ್ಕೆ ದೋಣಿ ಇಳಿಸುವವರಲ್ಲ, ಕಟ್ಟೆಯ ಮೇಲೆ ನಿಂತು ಬಳೆಬಲೆ ಇಳಿಸುವವರು, ಹಾಗಾಗಿ ನಮಗೆ ಅದರ ಚಿಂತೆ ಇಲ್ಲ. ಬಲೆ ಬಾಡಿಗೆಗೆ ಸಿಗುತ್ತದೆ, ಎರೆ ಅಲ್ಲೇ ಮಾರುತ್ತಾರೆ. ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯ ತಿಂಗಳು. ದೊಡ್ಡ ಮಳೆ ಬಿದ್ದರೆ ಸಿಹಿನೀರು ನುಗ್ಗಿ ಏಡಿಗಳು ಅಳಿವೆ ಬಿಟ್ಟು ಹೊರಗೆ ಹೋಗುತ್ತವೆ. ನಮ್ಮ ಅಘನಾಶಿನಿಯಲ್ಲೂ ಇದೇ ಪಾಠ ಅಲ್ವಾ? ಭರತ ಇಳಿತಗಳ ನಡುವೆ ನೀರು ನಿಂತ ಹೊತ್ತಿಗೆ ಬಲೆ ಇಳಿಸಿ. ಹರಿವು ಜೋರಿದ್ದಾಗ ಏಡಿ ಮರಳಿನಲ್ಲಿ ಹುದುಗಿ ಕೂರುತ್ತದೆ.

ಕ್ಯಾಲಿಫೋರ್ನಿಯಾ: ಲೈಸೆನ್ಸ್ ಇಲ್ಲದೆ, ಆದರೆ ಕಟ್ಟೆ ನೋಡಿಕೊಂಡು

16 ವರ್ಷ ತುಂಬಿದವರಿಗೆ ಇಲ್ಲಿ ಲೈಸೆನ್ಸ್ ಬೇಕು. ಆದರೆ ಸಮುದ್ರದ ಸಾರ್ವಜನಿಕ ಕಟ್ಟೆಯ ಮೇಲಿಂದ ಹಿಡಿದರೆ ಬೇಡ. ಸಂಖ್ಯೆ, ಅಳತೆಯ ನಿಯಮ ಆಗಲೂ ಇರುತ್ತದೆ. ಒಬ್ಬರು ಎರಡಕ್ಕಿಂತ ಹೆಚ್ಚು ಬಲೆ, ಗಾಳ ಹಾಕುವಂತಿಲ್ಲ. ಡಂಜಿನೆಸ್ ದಿನಕ್ಕೆ 10, ಅಗಲ 5¾ ಇಂಚು. ಹೆಣ್ಣನ್ನು ಇಟ್ಟುಕೊಂಡರೂ ತಕರಾರಿಲ್ಲ.

ಹಂಗಾಮು ನವೆಂಬರ್ ಮೊದಲ ಶನಿವಾರ ಶುರು. ಬೇಸಿಗೆಯಲ್ಲಿ ಹೋಗುವ ಅಪ್ಪ ಅಮ್ಮಂದಿರಿಗೆ ಇಲ್ಲೇ ಪೆಟ್ಟು. ಸ್ಯಾನ್ ಫ್ರಾನ್ಸಿಸ್ಕೋ ಕಡೆ ಜೂನ್ 30ಕ್ಕೆ ಮುಗಿದುಬಿಡುತ್ತದೆ. ಬೋನಿನ ಹಗ್ಗಕ್ಕೆ ತಿಮಿಂಗಿಲಗಳು ಸಿಕ್ಕಿಹಾಕಿಕೊಳ್ಳುತ್ತವೆ ಅಂತ ಬೋನಿಗೆ ಆಗಾಗ ತಡೆ ಬೀಳುತ್ತದೆ. ಬೋನು ಬಳಸುವವರು ಪ್ರತ್ಯೇಕ ಅನುಮತಿಯನ್ನೂ ಪಡೆಯಬೇಕು. ಬಳೆಬಲೆ ಮತ್ತು ಗಾಳದ ಕೋಲಿಗೆ ಕಟ್ಟುವ ಕುಣಿಕೆಗೆ ಆ ತಡೆ ಇಲ್ಲ. ಬಳೆಬಲೆಯನ್ನು ಎರಡು ಗಂಟೆಗೊಮ್ಮೆಯಾದರೂ ಎತ್ತಿ ನೋಡಬೇಕು.

ನನ್ನ ತಂಗಿಯ ಮಗ ಮೊದಲ ಸಲ ಕರೆದುಕೊಂಡು ಹೋಗಿದ್ದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಒಳಗಿನ ಕಟ್ಟೆಗೆ. ಗೋಲ್ಡನ್ ಗೇಟ್ ಸೇತುವೆ ಕಣ್ಣೆದುರಿಗೆ, ಫೋಟೋಗೆ ಸೊಗಸು. ಒಳ್ಳೆಯ ಡಂಜಿನೆಸ್ ಒಂದು ಬಂತು. ಪಕ್ಕದವರು "ವಾಪಸ್ ಬಿಡಿ" ಅಂದರು. ಆ ಕೊಲ್ಲಿಯೊಳಗೆ ಡಂಜಿನೆಸ್ ಹಿಡಿಯುವಂತಿಲ್ಲ, ಕಲ್ಲೇಡಿಗೆ ಮಾತ್ರ ಅವಕಾಶ. ಡಂಜಿನೆಸ್ ಬೇಕೆಂದರೆ ಪೆಸಿಫಿಕಾದಂತಹ ತೆರೆದ ಸಮುದ್ರದ ಕಟ್ಟೆಗೆ ಹೋಗಬೇಕು. ಚಳಿಗೆ ಮಂಕಿ ಕ್ಯಾಪ್ ಮರೆಯಬೇಡಿ, ಯಾರೂ ನಗುವುದಿಲ್ಲ.

ಆರೋಗ್ಯದ ಮಾತೂ ಇದೆ. 2015ರಲ್ಲಿ ಡೊಮೊಯಿಕ್ ಆಸಿಡ್ ಅನ್ನುವ ವಿಷ ಏಡಿಗಳಲ್ಲಿ ಸೇರಿ ಇಲ್ಲಿ ಹಂಗಾಮು ತೆರೆಯುವುದೇ ತಡವಾಯಿತು. ಕಡಲಿನ ಪಾಚಿಯಿಂದ ಬರುವ ವಿಷ ಅದು, ಬೇಯಿಸಿದರೂ ಹೋಗುವುದಿಲ್ಲ. ಹೆಚ್ಚಾಗಿ ಸೇರುವುದು ಚಿಪ್ಪಿನೊಳಗಿನ ಹಳದಿ ಭಾಗದಲ್ಲಿ. ನಾವು ಬೆರಳು ನೆಕ್ಕಿಕೊಂಡು ತಿನ್ನುವುದು ಅದನ್ನೇ! ಎಚ್ಚರಿಕೆ ಇರುವ ವರ್ಷ ಹಳದಿ ತೆಗೆದು ಎಸೆಯಿರಿ, ಅದು ಬಿಟ್ಟ ನೀರನ್ನೂ ಸಾರಿಗೆ ಬಳಸಬೇಡಿ.

ಪೂರ್ವ ಕರಾವಳಿ, ಆಸ್ಟ್ರೇಲಿಯಾ

ನ್ಯೂಜೆರ್ಸಿ ಮಕ್ಕಳಿಗೆ ಹೇಳಿ ಮಾಡಿಸಿದ ಜಾಗ. ದಾರ, ಕೋಳಿ ಕತ್ತು, ಒಂದು ಜಾಲರಿ ಸೌಟು ಸಾಕು, ಲೈಸೆನ್ಸ್ ಬೇಡ. ಮಡಚಿಡಲಾಗದ ದೊಡ್ಡ ಪೆಟ್ಟಿಗೆ ಬೋನಿಗೆ ಮಾತ್ರ ಬೇಕು. ಗಟ್ಟಿ ಚಿಪ್ಪಿನ ನೀಲಿ ಏಡಿ 4½ ಇಂಚು ಇರಬೇಕು, ಮೊಟ್ಟೆ ಹೊತ್ತ ಹೆಣ್ಣನ್ನು ಬಿಡಬೇಕು. ಮೇರಿಲ್ಯಾಂಡ್‌ನಲ್ಲೂ ದಡದಿಂದ ದಾರ, ಜಾಲರಿಯಲ್ಲಿ ಹಿಡಿದರೆ ದಿನಕ್ಕೆ ಎರಡು ಡಜನ್‌ವರೆಗೆ ಲೈಸೆನ್ಸ್ ಬೇಡ. ಆದರೆ ಅಲ್ಲಿ ಗಂಡು ಮಾತ್ರ, ಮತ್ತು ಜುಲೈ 15ಕ್ಕೆ ಅಳತೆ 5ರಿಂದ 5¼ ಇಂಚಿಗೆ ಏರುತ್ತದೆ. ಜುಲೈ 14ಕ್ಕೆ ಹಿಡಿದವರ ಮಾತು ಕೇಳಿ 16ಕ್ಕೆ ಹೋದರೆ ಕಷ್ಟ. ಎರಡರಲ್ಲಿ ಒಂದು ಅಂದರೆ ನಾನು ನ್ಯೂಜೆರ್ಸಿ ಅನ್ನುತ್ತೇನೆ.

ಬ್ರಿಸ್ಬೇನ್ ಇರುವ ಕ್ವೀನ್ಸ್‌ಲ್ಯಾಂಡಿನಲ್ಲಿ ಉಪ್ಪುನೀರಿನ ಹವ್ಯಾಸಕ್ಕೆ ಲೈಸೆನ್ಸೇ ಇಲ್ಲ. ಕೆಸರೇಡಿ ನಮ್ಮ ಅಳಿವೆಗಳ ದೊಡ್ಡ ಹಸಿರು ಏಡಿಯ ಬಳಗದ್ದೇ. ಮಾರ್ಟನ್ ಕೊಲ್ಲಿಯಲ್ಲಿ ಅದನ್ನು ಕಂಡು ನನಗೆ ಊರಿನವರು ಸಿಕ್ಕಷ್ಟು ಖುಷಿಯಾಯ್ತು. ಗಂಡು ಮಾತ್ರ, ಅಗಲ 15 ಸೆಂಟಿಮೀಟರ್, ಒಬ್ಬರ ಬಳಿ ಹೆಚ್ಚೆಂದರೆ 7, ಬೋನು 4, ಪ್ರತಿ ಬೋನಿಗೂ ಹೆಸರು, ವಿಳಾಸದ ಚೀಟಿ. ಸಿಡ್ನಿಯಲ್ಲಿ 18 ತುಂಬಿದವರು ಮೀನುಗಾರಿಕೆ ಶುಲ್ಕ ಕಟ್ಟಬೇಕು, ಮೂರು ದಿನದ್ದೂ ಸಿಗುತ್ತದೆ. ಕೆಸರೇಡಿ 5, ಉದ್ದ 8.5 ಸೆಂಟಿಮೀಟರ್. ಏಡಿಗಾಗಿಯೇ ಹೋಗುವುದಾದರೆ ಬ್ರಿಸ್ಬೇನ್.

ಪಾಸ್‌ಪೋರ್ಟ್ ಬೇಡದ ದಾರಿ

ಮಕ್ಕಳೆಲ್ಲ ಬೆಂಗಳೂರಿನಲ್ಲೇ ಇರುವವರಿಗೆ ನಮ್ಮ ಕರಾವಳಿ ಇದ್ದೇ ಇದೆ. ನಮ್ಮಲ್ಲಿ ವಾಷಿಂಗ್ಟನ್ ತರಹದ ಹವ್ಯಾಸಿ ಏಡಿ ಕಾರ್ಡು ಅಂತ ಇಲ್ಲ. 1986ರ ಕರ್ನಾಟಕ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯ್ದೆ ನೋಡಿಕೊಳ್ಳುವುದು ದೋಣಿಗಳ ನೋಂದಣಿ, ಲೈಸೆನ್ಸ್‌ಗಳನ್ನು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮಳೆಗಾಲದಲ್ಲಿ ರಸೆಲ್ ಮಾರ್ಕೆಟ್ಟಿನಲ್ಲಿ ಏಡಿಯ ರೇಟು ಕೇಳಿ ಬೆಚ್ಚಿಬೀಳುವವರು ಇದನ್ನು ನೆನಪಿಟ್ಟುಕೊಳ್ಳಿ. ಅಲ್ಲಿ ಏಡಿಗೆ ಕಟ್ಟಿದ ಒದ್ದೆ ಹಗ್ಗದ ತೂಕಕ್ಕೂ ದುಡ್ಡು ಕೊಟ್ಟು ಬಂದವನು ನಾನು, ಅದು ಬೇರೆ ಕಥೆ.

ಬೆಂಗಳೂರಿನ ಕೆರೆಗಳ ಏಡಿಯ ಆಸೆ ಮಾತ್ರ ಬೇಡ. ಒಳನಾಡಿನ ನೀರಿಗೆ 1996ರ ಬೇರೆ ಕಾಯ್ದೆ ಇದೆ, ಕೆರೆಗಳ ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆಗೆ ಕೊಡುತ್ತಾರೆ. ಹಕ್ಕು ಯಾರದೇ ಇರಲಿ, ಮೋರಿ ನೀರು ಸೇರಿದ ಕೆರೆಯ ಏಡಿಯನ್ನು ನಾನಂತೂ ಬಾಯಿಗಿಡುವುದಿಲ್ಲ. ಮಲೆನಾಡಿನ ನೆಂಟರ ಗದ್ದೆ ಇದ್ದರೆ ಮಳೆ ಹಿಡಿದ ರಾತ್ರಿ ಟಾರ್ಚು ಹಿಡಿದು ಹೋಗಿ. ಗದ್ದೆಯವರನ್ನು ಕೇಳಿ ಇಳಿಯಿರಿ, ಔಷಧಿ ಹೊಡೆದಿದ್ದಾರಾ ಅಂತಲೂ ಕೇಳಿ. ಸಿಹಿನೀರಿನ ಏಡಿಯನ್ನು ಚೆನ್ನಾಗಿ ಬೇಯಿಸಲೇಬೇಕು, ಅರೆಬೆಂದದ್ದರಲ್ಲಿ ಶ್ವಾಸಕೋಶಕ್ಕೆ ಹೋಗುವ ಹುಳು ಇರಬಹುದು.

ನನ್ನನ್ನು ಕೇಳಿದರೆ ಅಘನಾಶಿನಿ. ಸಂಜೆ ಬೆಂಗಳೂರಿಂದ ಪಂಚಗಂಗಾ ರೈಲು ಹತ್ತಿದರೆ ಬೆಳಗ್ಗೆ ಕುಮಟಾ. 2024ರಲ್ಲಿ ಈ ಅಳಿವೆ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿತು. ಅದಕ್ಕಿಂತ ಎಷ್ಟೋ ಮೊದಲಿಂದ ಸುತ್ತಲಿನ ಊರುಗಳ ಹೆಂಗಸರು ಗಂಡಸರು ಇಳಿತದ ಹೊತ್ತಿಗೆ ಸೊಂಟದ ನೀರಲ್ಲಿ ನಿಂತು ಚಿಪ್ಪಿಕಲ್ಲು ತೆಗೆದು ಬದುಕುತ್ತಿದ್ದಾರೆ. ನಮಗೆ ಮೋಜು, ಅವರಿಗೆ ಅನ್ನ. ಹಾಗಾಗಿ ಒಬ್ಬರೇ ಬೋನು ಹಿಡಿದುಕೊಂಡು ಇಳಿಯಬೇಡಿ. ಸ್ಥಳೀಯ ಮೀನುಗಾರರೊಬ್ಬರನ್ನು ಕೇಳಿ, ಅವರ ದಿನದ ಕೂಲಿ ಕೊಟ್ಟು ಜೊತೆಗೆ ಹೋಗಿ. ಅಳಿವೆ ಪಕ್ಕದ ಉಪ್ಪುನೀರಿನ ಗಜನಿ ಗದ್ದೆಗಳಿಗೆ ಮಾಲೀಕರಿದ್ದಾರೆ, ಅಲ್ಲಿ ಕೇಳದೆ ಕೈ ಹಾಕುವಂತಿಲ್ಲ. ಮೊಟ್ಟೆ ಹೊತ್ತ ಹೆಣ್ಣು ಸಿಕ್ಕರೆ ಯಾವ ಅಧಿಕಾರಿಯೂ ಬಂದು ಕೇಳಲಿಕ್ಕಿಲ್ಲ, ಆದರೂ ಬಿಟ್ಟುಬಿಡಿ. ಸಿಯಾಟಲ್‌ನ ಗೇಜು ನನ್ನ ಚೀಲದಲ್ಲಿ ಈಗಲೂ ಇರುತ್ತದೆ. ಊರಿಗೆ ಹೋದಾಗ ಅದನ್ನು ತೆಗೆದು ಅಳೆಯುವುದನ್ನು ನೋಡಿ ನನ್ನ ಚಿಕ್ಕಪ್ಪನ ಮಗ, "ಅಣ್ಣ, ಏಡಿಗೆ ಅಂಗಿ ಹೊಲಿಸ್ತೀಯಾ?" ಅಂತ ಕೇಳುತ್ತಾನೆ.